ಗಾಜಿಗೆ ಕುಂಕುಮವಿಟ್ಟ ಕೈ

ಮಮತಾ, ನಾನು ಮಾಡುತ್ತಿದ್ದ ಕೆಲಸಕ್ಕೆ ಈಗ ಹೊಸದಾಗಿ ಸೇರಿದ ನೀನು ಮೊನ್ನೆ ನಮ್ಮ ಮನೆಯ ಜಗಲಿಯ ಮೇಲೆ ಕೂತು, "ಅಜ್ಜೀ, ಫಿಸಿಕ್ಸ್ ಲ್ಯಾಬಲ್ಲಿ ಅಟೆಂಡರ್ ಅಂದ್ರೆ ಏನ್ ಕೆಲ್ಸ? ಕಸ ಹೊಡ್ಯೋದು, ಬೀಗ ಹಾಕೋದು, ಅಷ್ಟೇ ತಾನೆ?" ಎಂದು ಕೇಳಿದೆ. ನಾನು ಹೂಂ ಎಂದುಬಿಟ್ಟೆ. ನೀನು ಗೇಟು ದಾಟುವಷ್ಟರಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಇಪ್ಪತ್ತೆಂಟು ವರ್ಷ ಮಾಡಿದ ಕೆಲಸವನ್ನು ಒಂದು ಹೂಂನಲ್ಲಿ ಮುಗಿಸಿದೆನಲ್ಲ ಎಂದು.

ಅದಕ್ಕೇ ಬರೆಯಲು ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ ಕಡೆ ಮೊಮ್ಮಗಳು ಹೇಮ ತಿದ್ದಿದ್ದಾಳೆ, ಮಾತು ನನ್ನದೇ. ಅವಳು ಬೆಳಕಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೌದು, ಈ ನಿಂಗಮ್ಮನ ಮೊಮ್ಮಗಳು! ಕಳೆದ ವಾರ ಅಜ್ಜಂಪುರದ ಶಾಲೆಯಲ್ಲಿ ಅವಳು ನನ್ನ ಕೈಯಿಂದ ಒಂದು ಕೆಲಸ ಮಾಡಿಸಿದಳು. ಅದನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಆದರೆ ಅದು ನಿನಗೆ ತಿಳಿಯಬೇಕಾದರೆ ನನ್ನ ಮೊದಲ ದಿನದಿಂದ ಬರಬೇಕು.

ತರೀಕೆರೆಯ ಆ ಕಾಲೇಜಿನಲ್ಲಿ ನನ್ನ ಯಜಮಾನರು ಜವಾನರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಲೆಕ್ಕದಲ್ಲಿ ನನಗೆ ಅಟೆಂಡರ್ ಕೆಲಸ ಸಿಕ್ಕಿತು. ಲ್ಯಾಬಿನ ಯಜಮಾನಿಕೆ ಫಿಸಿಕ್ಸ್ ಮೇಷ್ಟ್ರು ರಹಮತ್ ಸಾಹೇಬರದು. ತರೀಕೆರೆ ಪೇಟೆಯಲ್ಲೇ ಹುಟ್ಟಿ ಬೆಳೆದವರು. ಮನೆಯಲ್ಲಿ ದಖ್ಖನಿ, ಲ್ಯಾಬಿನಲ್ಲಿ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಮೊದಲ ದಿನ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಎಷ್ಟು ಓದಿದೀಯಮ್ಮ?"

"ನಾಲ್ಕನೇ ಕ್ಲಾಸು ಸಾರ್."

"ಕಣ್ಣು ಚೆನ್ನಾಗಿದಾವಾ?"

"ಸೂಜಿಗೆ ದಾರ ಪೋಣಿಸ್ತೀನಿ ಸಾರ್."

"ಸಾಕು ಬಿಡು. ಇಲ್ಲಿಗೆ ಅದೇ ಬೇಕು."

ಲ್ಯಾಬಿನ ಹಿಂದೆ ಒಂದು ಕತ್ತಲೆ ಕೋಣೆ ಇತ್ತು. ಕಿಟಕಿಯ ಕಪ್ಪು ಪರದೆಯನ್ನು ಇಲಿಗಳು ಕಡಿದು ಜರಡಿ ಮಾಡಿಟ್ಟಿದ್ದವು. ಆಫೀಸಿಗೆ ಬರೆದರೆ ಹೊಸ ಪರದೆ ಯಾವ ಕಾಲಕ್ಕೋ! ನನ್ನ ತವರು ಅಜ್ಜಂಪುರದ ಕಡೆಯ ಹಳ್ಳಿ. ಅಲ್ಲಿಂದ ಎರಡು ಕರಿಕಂಬಳಿ ತಂದು ಕಿಟಕಿಗೆ ಹೊದಿಸಿದೆ. ಕಂಬಳಿಯ ಕತ್ತಲೆಯ ಮುಂದೆ ಯಾವ ಪರದೆಯೂ ಇಲ್ಲ, ನೆನಪಿಡು. ಸಾಹೇಬರು ಒಳಗೆ ಬಂದು, "ಶಾಬಾಸ್! ಈಗಷ್ಟೇ ಇದು ಡಾರ್ಕ್ ರೂಮ್ ಆಯ್ತು" ಎಂದರು.

ಆ ದಿನವೇ ಅವರು ನನಗೆ ಎರಡು ಕಟ್ಟಳೆ ಹೇಳಿದರು. ಒಂದು, ದೀಪ ನೋಡುವ ಮೊದಲು ಕತ್ತಲೆಯಲ್ಲಿ ನೂರು ಎಣಿಸಬೇಕು. ಅಷ್ಟು ಹೊತ್ತಿಗೆ ಕಣ್ಣು ಪೂರಾ ತೆರೆದುಕೊಳ್ಳುತ್ತದೆ. ಇನ್ನೊಂದು, ಏನು ಕಾಣುತ್ತದೆ ಎಂದು ಯಾರಿಗೂ ಮೊದಲೇ ಹೇಳಬಾರದು. "ಹೇಳಿಬಿಟ್ರೆ ನೋಡೋಕೇನು ಉಳೀತದಮ್ಮ?" ಎಂದರು. ನನಗೂ ಹೇಳಲಿಲ್ಲ. ನೂರು ಎಣಿಸಿದ ಮೇಲೆ ಒಂದು ಹಿತ್ತಾಳೆ ಕೊಳವೆಗೆ ಕಣ್ಣು ಇಡಿಸಿದರು.

ಮಮತಾ, ಅದನ್ನು ಹೇಗೆ ಬರೆಯಲಿ! ಎದುರಿಗೆ ಉರಿಯುತ್ತಿದ್ದದ್ದು ಒಂದು ಬಿಳಿಚು ದೀಪ. ಕೊಳವೆಯೊಳಗೆ ಕಂಡದ್ದು ಕಡುಗಪ್ಪಿನ ನಡುವೆ ನೆಟ್ಟಗೆ ನಿಂತ ಗೆರೆಗಳು. ನೇರಳೆ, ನೀಲಿ, ಎಳೆ ಬಾಳೆಸುಳಿಯಂಥ ಹಸಿರು, ಆಮೇಲೆ ಅಕ್ಕತಂಗಿಯರಂತೆ ಮೈಗೆ ಮೈ ಒತ್ತಿ ನಿಂತ ಎರಡು ಹಳದಿ. ನಾನು ಕಣ್ಣು ತೆಗೆಯಲೇ ಇಲ್ಲ.

"ಇದನ್ನ ಯಾರು ಒಳಗೆ ಇಟ್ರು ಸಾರ್?"

"ಯಾರೂ ಇಟ್ಟಿಲ್ಲ. ದೀಪದ ಬೆಳಕಲ್ಲೇ ಇತ್ತು. ಈ ಗಾಜು ಬಿಡಿಸಿ ತೋರಿಸ್ತು."

ಕೊಳವೆಯ ಮುಂದೆ ಬೆಂಕಿಪೊಟ್ಟಣದಷ್ಟು ಅಗಲದ ಗಾಜು ನಿಂತಿತ್ತು. ಅದರ ಹೆಸರು ಗ್ರೇಟಿಂಗ್. ಅದರ ಮೇಲೆ ಒಂದು ಅಂಗುಲಕ್ಕೆ ಹದಿನೈದು ಸಾವಿರ ಗೆರೆ ಇವೆ ಎಂದರು. ನನ್ನ ಅಪ್ಪ ಹನ್ನೆರಡು ಸಾಲಿನ ಕೂರಿಗೆಯಲ್ಲಿ ರಾಗಿ ಬಿತ್ತುತ್ತಿದ್ದರು. ಸಾಲು ಒಂದು ಚೂರು ಡೊಂಕಾದರೆ ಊರೆಲ್ಲ ನಗುತ್ತಿತ್ತು. ಇಲ್ಲಿ ಒಂದು ಅಂಗುಲದ ಹೊಲದಲ್ಲಿ ಹದಿನೈದು ಸಾವಿರ ಸಾಲು, ಒಂದೂ ಡೊಂಕಿಲ್ಲ! ಅವತ್ತು ಮನೆಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ದೀಪ, ಸೈಕಲ್ಲಿನ ದೀಪ, ಎಲ್ಲವನ್ನೂ ನಿಂತು ನಿಂತು ನೋಡಿದೆ. ಒಳಗೆ ಏನೇನು ಅಡಗಿಸಿಕೊಂಡಿವೆಯೋ ಎಂದು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಎರಡನೇ ವರ್ಷದ ಆಯುಧಪೂಜೆ. ಸಾಹೇಬರು ನೆಂಟರ ಮದುವೆಗೆಂದು ರಜೆ ಹಾಕಿದ್ದರು. ಕಾಲೇಜಿನಲ್ಲಿ ಗುಮಾಸ್ತರು ಟೈಪ್‌ರೈಟರ್ ಒರೆಸಿ ಹೂವಿಟ್ಟರು, ತೋಟದವನು ಗುದ್ದಲಿಗೆ ಕುಂಕುಮ ಹಚ್ಚಿದ. ನನ್ನ ಆಯುಧ ಯಾವುದು? ನನಗೆ ಅನ್ನ ಕೊಟ್ಟ ಲ್ಯಾಬಿನ ಸಾಮಾನೇ ಅಲ್ಲವೇ? ಹಿತ್ತಾಳೆ ಕೊಳವೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಎಲ್ಲಕ್ಕಿಂತ ದೊಡ್ಡ ದೇವರು ಆ ಗ್ರೇಟಿಂಗು. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೀಗೆಪುಡಿ ಹಾಕಿ ತೊಳೆದೆ. ಸೆರಗಿನಿಂದ ಒರೆಸಿ ಒರೆಸಿ ಪಳಪಳ ಮಾಡಿದೆ. ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಒಂದು ಕುಂಕುಮದ ಬೊಟ್ಟಿಟ್ಟು, ಚೆಂಡುಹೂವು ಏರಿಸಿ, ಮಂಗಳಾರತಿ ಮಾಡಿ ಎಲ್ಲರಿಗೂ ಮಂಡಕ್ಕಿ ಹಂಚಿದೆ. ಅಷ್ಟು ಭಕ್ತಿಯಿಂದ ನಾನು ಮನೆದೇವರಿಗೂ ಪೂಜೆ ಮಾಡಿದವಳಲ್ಲ.

ರಜೆ ಮುಗಿಸಿ ಬಂದ ಸಾಹೇಬರು ಕತ್ತಲೆ ಕೋಣೆಯಲ್ಲಿ ಕೊಳವೆಗೆ ಕಣ್ಣಿಟ್ಟರು. ತಿರುಪು ತಿರುಗಿಸಿದರು, ಮತ್ತೆ ಇಟ್ಟರು. ಹೊರಗೆ ಬಂದು ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಇದನ್ನ ಯಾರು ತೊಳೆದದ್ದು?"

"ನಾನೇ ಸಾರ್!" ಎಂದೆ. ಹೊಗಳುತ್ತಾರೆಂದು ಎದುರಿಗೆ ಹೋಗಿ ನಿಂತೆ.

ಅವರು ಸ್ಟೂಲಿನ ಮೇಲೆ ಕೂತುಬಿಟ್ಟರು. ಇಂಗ್ಲಿಷ್ ಕೂಡ ಬರಲಿಲ್ಲ. "ಗೆರೆ ಇರೋದು ಗಾಜಿನ ಮೇಲಲ್ಲಮ್ಮ. ಗಾಜಿಗೆ ಅಂಟಿಸಿದ ಪೊರೆಯ ಮೇಲೆ. ಈರುಳ್ಳಿ ಪೊರೆಗಿಂತ ತೆಳು. ಹದಿನೈದು ಸಾವಿರ ಗೆರೇನೂ ತೊಳೆದು ಹಾಕಿದೀಯಲ್ಲಮ್ಮಾ" ಎಂದರು.

ಪ್ರಿನ್ಸಿಪಾಲರು ಮೆಮೋ ಕೊಟ್ಟರು, ನಿನ್ನನ್ನು ಯಾಕೆ ಕೆಲಸದಿಂದ ತೆಗೆಯಬಾರದು ಎಂದು. ಸಾಹೇಬರು ಅವರ ಕೋಣೆಗೆ ಹೋಗಿ, "ನೀರು ಮುಟ್ಟಿಸಬಾರದು ಅಂತ ಆಕೆಗೆ ನಾನು ಹೇಳಿರ್ಲಿಲ್ಲ. ಮೆಮೋ ನನಗೆ ಕೊಡಿ" ಎಂದರಂತೆ. ಕೆಲಸ ಉಳಿಯಿತು. ಆದರೆ ಹೊಸ ಗ್ರೇಟಿಂಗ್ ಬರಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷದ ಮಕ್ಕಳಿಗೆ ಸಾಹೇಬರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಐದು ಗೆರೆ ಎಳೆದು, "ಇದು ನೇರಳೆ ಅಂದ್ಕೊಳ್ಳಿ, ಇದು ಹಸಿರು ಅಂದ್ಕೊಳ್ಳಿ" ಎಂದು ಹೇಳುತ್ತಿದ್ದರು. ಎಲ್ಲವೂ ಬಿಳಿಯ ಗೆರೆ. ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ಮೆಮೋ ಸುಟ್ಟದ್ದಕ್ಕಿಂತ ಆ ಬಿಳಿ ಗೆರೆ ನನ್ನನ್ನು ಹೆಚ್ಚು ಸುಟ್ಟಿತು. ಎಷ್ಟು ಮಕ್ಕಳು ಅದನ್ನು ನೋಡದೆ ಹೋದರೋ!

ಅಲ್ಲಿಂದ ನಿವೃತ್ತಿಯ ದಿನದವರೆಗೆ ಯಾವ ಗಾಜಿನ ಮುಖಕ್ಕೂ ನಾನು ಹಸಿ ಕೈ ತಾಗಿಸಲಿಲ್ಲ. ಅಂಚು ಹಿಡಿದು ಎತ್ತುವುದು, ರಬ್ಬರ್ ಚೆಂಡಿನಿಂದ ಗಾಳಿ ಬಿಟ್ಟು ದೂಳು ಹಾರಿಸುವುದು, ಅಷ್ಟೇ. ಮನೆಯಲ್ಲಿ ಕನ್ನಡಕವನ್ನೂ ಒಣಬಟ್ಟೆಯಲ್ಲೇ ಒರೆಸುತ್ತಿದ್ದೆ. ನಗಬೇಡ, ನಿಜ. ಕೆಟ್ಟ ಗಾಜನ್ನು ಆಫೀಸಿನವರು ಕಸಕ್ಕೆ ಎಸೆದರು. ನಾನು ಹೆಕ್ಕಿಕೊಂಡು ಬಂದು ನನ್ನ ಎಲೆಅಡಿಕೆ ಡಬ್ಬಿಯಲ್ಲಿ ಇಟ್ಟೆ. ನಡುವೆ ಕುಂಕುಮದ ಕಲೆ ಇನ್ನೂ ಇದೆ.

ತಪ್ಪು ಮಾಡಿದವಳಿಗೆ ಸಾಹೇಬರು ಕೊಟ್ಟ ಶಿಕ್ಷೆ ಎಂದರೆ ಕಲಿಸುವುದು. ಹೊಸ ಗ್ರೇಟಿಂಗ್ ಬಂದ ದಿನವೇ, "ಇನ್ನು ಮೇಲೆ ಇದನ್ನ ನೀನೇ ಕೂರಿಸ್ಬೇಕು" ಎಂದರು. ತಿರುಪು ಎಷ್ಟು ತಿರುಗಿಸಿದರೆ ಗೆರೆ ಚೂಪಾಗುತ್ತದೆ, ದೀಪ ಎಷ್ಟು ಹೊತ್ತು ಕಾದರೆ ಪೂರ್ತಿ ಬೆಳಗುತ್ತದೆ, ಎಲ್ಲ ಕಲಿತೆ. ಒಂದು ವರ್ಷ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಊಟಕ್ಕೆ ಹೋಗುವಾಗ ಪಾದರಸದ ದೀಪ ಆರಿಸಿ, ತಕ್ಷಣ ಏನೋ ನೆನಪಾಗಿ ಮತ್ತೆ ಸ್ವಿಚ್ ಹಾಕಿದರು. ಹತ್ತಲಿಲ್ಲ. ಟಪಟಪ ಸ್ವಿಚ್ ಒತ್ತಿದರು. "ಏನಮ್ಮಾ, ಬಲ್ಬು ಸುಟ್ಟುಹಾಕಿದೀಯಾ?" ಎಂದು ನನ್ನ ಮೇಲೆ ಹಾರಿದರು.

"ಸುಟ್ಟಿಲ್ಲ ಸಾರ್, ಮುನಿಸ್ಕೊಂಡದೆ. ಬಿಸೀಲಿ ಕರೆದ್ರೆ ಅದು ಬರಾಕಿಲ್ಲ. ತಾವು ಊಟ ಮಾಡ್ಕಂಡ್ ಬನ್ನಿ, ಅಷ್ಟೊತ್ಗೆ ತಣ್ಗಾಗ್ತದೆ."

ಊಟ ಮಾಡಿ ಬಂದರು. ದೀಪ ಹತ್ತಿತು. ಸಾಹೇಬರು ಬೇರೆ ಕಡೆ ತಿರುಗಿ ಮೀಸೆಯಲ್ಲೇ ನಕ್ಕರು. ಅದೇ ನನ್ನ ಪ್ರಮೋಷನ್ನು, ಮಮತಾ.

ಈಗ ನಿನ್ನ ಲ್ಯಾಬಿನಲ್ಲಿ ಸ್ಮಾರ್ಟ್ ಬೋರ್ಡ್ ಇದೆ, ಬಟನ್ ಒತ್ತಿದರೆ ಬಣ್ಣದ ಗೆರೆ ಬರುತ್ತವೆ ಎಂದು ಕೇಳಿದೆ. ಬರಲಿ, ಸುಣ್ಣದ ಗೆರೆಗಿಂತ ವಾಸಿ. ಆದರೂ ಕಂಬಳಿ ಬಿಸಾಡಬೇಡ.

ಹೇಮ ನನ್ನ ಮಗಳ ಮಗಳು. ಚಿಕ್ಕವಳಿದ್ದಾಗ ಡಬ್ಬಿಯೊಳಗಿನ ಗಾಜಿನ ಕಥೆಯನ್ನು ನನ್ನಿಂದ ನೂರು ಸಲ ಹೇಳಿಸಿ, ನೂರು ಸಲ ನಕ್ಕವಳು. ಈಗ ದೂರದ ಊರಿನ ದೊಡ್ಡ ಲ್ಯಾಬಿನಲ್ಲಿ ನ್ಯಾನೋ ಫೋಟಾನಿಕ್ಸ್ ಎಂಬ ವಿದ್ಯೆ ಮಾಡುತ್ತಾಳೆ. ಹಾಗೆಂದರೇನೇ ಎಂದರೆ, "ಒಂದು ಕೂದಲನ್ನ ಇನ್ನೂರು ಸೀಳು ಸೀಳಿದ್ರೆ ಒಂದೊಂದು ಸೀಳು ಎಷ್ಟಿರ್ತದೆ? ಅಷ್ಟು ಸಣ್ಣ ಗೂಡು ಕಟ್ಟಿ ಬೆಳಕನ್ನ ಕೂಡಿ ಹಾಕೋದು ಅಜ್ಜಿ" ಎಂದಳು. ರಾಗಿಕಾಳು ರಾಶಿ ಹಾಕಿದಂತೆ ಕಣ್ಣಿಗೆ ಕಾಣದ ಚೆಂಡುಗಳನ್ನು ಸಾಲಾಗಿ ಕೂರಿಸುವುದಂತೆ. ಅವುಗಳ ಸಂದಿಗೆ ಗಾಜು ತುಂಬುವುದಂತೆ. ಆಮೇಲೆ ಚೆಂಡುಗಳನ್ನು ಸುಟ್ಟು ತೆಗೆದರೆ ಜೇನುಹುಟ್ಟಿನಂತೆ ಬರೀ ಗೂಡು ಉಳಿಯುತ್ತದಂತೆ.

ಈ ಸಲ ರಜೆಗೆ ಬಂದಾಗ ಅಂಥದ್ದೊಂದನ್ನು ತಂದಿದ್ದಳು. ಕಿರುಬೆರಳಿನ ಉಗುರಿನಷ್ಟು ಚೂರು. ಡಬ್ಬಿ ತೆರೆದಳು. ಹಸಿರು! ಗಿಣಿಯ ಕತ್ತಿನ ಹಸಿರು.

"ಯಾವ ಬಣ್ಣ ಬಳಿದೆಯೇ?"

"ಬಣ್ಣಾನೇ ಇಲ್ಲ ಅಜ್ಜಿ. ಗಾಜು, ಗಾಳಿ, ಅಷ್ಟೇ. ಗೂಡಿನ ಅಳತೆ ಹಸಿರನ್ನ ಮಾತ್ರ ವಾಪಸ್ ಕಳಿಸ್ತದೆ. ನವಿಲುಗರಿ ಥರ."

ಹದಿನೈದು ಸಾವಿರ ಸಾಲಿಗೇ ಬೆರಗಾದವಳು ನಾನು. ಇಲ್ಲಿ ನನ್ನ ಮೊಮ್ಮಗಳು ಅದಕ್ಕಿಂತ ಸಣ್ಣ ಹೊಲ ಉತ್ತು ಹಸಿರು ಬೆಳೆದಿದ್ದಾಳೆ. ನಾನು ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿದೆ. "ನನ್ನ ಹತ್ರ ತರಬ್ಯಾಡ ಕಣೇ. ಈ ಕೈ ಒಳ್ಳೇದಲ್ಲ." ಅಂಥದ್ದು ಇನ್ನೊಂದು ಮಾಡಲು ಮೂರು ತಿಂಗಳು ಬೇಕಂತೆ.

ಶಾಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಹುಚ್ಚು ಅವಳಿಗೆ. ಮೊದಲು ಕಡೂರಿನ ಒಂದು ಶಾಲೆಗೆ ಹೋದಳು. ನಾನೂ ಜೊತೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ದೊಡ್ಡ ಹಾಲ್, ಎಲ್ಲ ಕಿಟಕಿ ತೆರೆದು ಬಿಸಿಲು ಸುರಿಯುತ್ತಿದೆ. ಹೇಮ ಗೋಡೆಯ ಮೇಲೆ ಚಿತ್ರ ಬಿಟ್ಟು ಮುಕ್ಕಾಲು ಗಂಟೆ ಮಾತಾಡಿದಳು. ಹಸಿರು ಯಾಕೆ ಕಾಣುತ್ತದೆ ಎಂದೆಲ್ಲ ಹೇಳಿ ಮುಗಿಸಿ, ಆಮೇಲೆ ಆ ಚೂರು ತೋರಿಸಿದಳು. ಅಷ್ಟು ಬಿಸಿಲಿನಲ್ಲಿ ಅದು ಒಣಗಿದ ಎಲೆಯಂತೆ ಮಂಕಾಗಿತ್ತು. ಮಕ್ಕಳು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ಒಂದು ಹುಡುಗಿ ಎದ್ದು, "ಮಿಸ್, ಇದು ಪರೀಕ್ಷೆಗೆ ಬತ್ತದಾ?" ಎಂದಳು.

ಬಸ್ಸಿನಲ್ಲಿ ಹೇಮಳ ಮುಖ ಬಾಡಿಹೋಗಿತ್ತು. "ನಂಗೆ ಪಾಠ ಮಾಡೋಕೆ ಬರಲ್ಲ ಅಜ್ಜಿ. ಅಜ್ಜಂಪುರಕ್ಕೆ ಬರಲ್ಲ ಅಂತ ಫೋನ್ ಮಾಡ್ತೀನಿ. ಒಂದು ಮಗೂನಾದ್ರೂ ಬಾಯಿ ಬಿಟ್ಟು ನೋಡ್ತಾ?"

ಒಂದು ಶಾಲೆಯ ಮಕ್ಕಳೆಲ್ಲ ನೋಡದೆಯೇ ಎದ್ದು ಹೋದರು. ನನಗೆ ಆ ಬಿಳಿ ಗೆರೆಗಳು ನೆನಪಾದವು.

"ಲೇ, ನೀನು ಎಲ್ಲಾನೂ ಮೊದ್ಲೇ ಹೇಳ್ಬಿಟ್ಟೆ ಕಣೇ. ಅವುಕ್ಕೆ ನೋಡಾಕೆ ಏನು ಉಳಿಸ್ದೆ? ಕತ್ಲೆನೂ ಇಲ್ಲ, ಎಣಿಸ್ಲೂ ಇಲ್ಲ. ಫೋನು ಗೀನು ಮಾಡಬ್ಯಾಡ. ಅಜ್ಜಂಪುರಕ್ಕೆ ನಾನು ಕಂಬಳಿ ತತ್ತೀನಿ."

ಅವಳು ನನ್ನನ್ನೇ ನೋಡಿದಳು. ಏನೋ ಯೋಚಿಸುತ್ತಿದ್ದಳು. ಅದು ಏನೆಂದು ನನಗೆ ಆಮೇಲೆ ತಿಳಿಯಿತು.

ಅಜ್ಜಂಪುರದ ಶಾಲೆಯಲ್ಲಿ ನಮ್ಮನ್ನು ಎದುರುಗೊಂಡವರು ತಲೆ ನರೆತ ವಿಜ್ಞಾನದ ಮೇಷ್ಟ್ರು, ಮಂಜಣ್ಣ. ನಾನು ಸ್ಟೂಲು ಹತ್ತಿ ಕಿಟಕಿಗೆ ಕಂಬಳಿ ಕಟ್ಟುವಾಗ ಅವರು ಕೆಳಗಿನಿಂದ ತುದಿ ಹಿಡಿದುಕೊಂಡರು.

"ತರೀಕೆರೆ ಲ್ಯಾಬಲ್ಲಿ ಹಿಂಗೇ ಕಂಬಳಿ ಇತ್ತು ಅಜ್ಜಿ. ನಾನು ಓದಿದ್ದು ಅಲ್ಲೇ. ಆದ್ರೆ ನಮ್ ಬ್ಯಾಚಿಗೆ ಸ್ಪೆಕ್ಟ್ರಮ್ಮು ಕಾಣ್ಲೇ ಇಲ್ಲ. ಗ್ರೇಟಿಂಗ್ ಕೆಟ್ಟೋಗಿತ್ತು. ಬೋರ್ಡ್ ಮೇಲೆ ಬರೀ ಬಿಳಿ ಗೆರೆ. ನಾನೂ ಮಕ್ಕಳಿಗೆ ಈಗ್ಲೂ ಹಂಗೇ ಬರೀತೀನಿ."

ನನ್ನ ಕೈ ಅಲ್ಲೇ ನಿಂತಿತು. ಸ್ಟೂಲಿನಿಂದ ಇಳಿದೆ. "ಕೆಡ್ಸಿದ್ದು ನಾನೇ ಕಣಪ್ಪ" ಎಂದು ಎಲ್ಲ ಹೇಳಿದೆ. ಸೀಗೆಪುಡಿ, ವಿಭೂತಿ, ಮಂಡಕ್ಕಿ, ಯಾವುದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದೆ.

"ಪೂಜೆ ಮಾಡಿ ಸಾಯಿಸಿದ್ರಾ!" ಎಂದು ಅವರು ಗೋಡೆ ಹಿಡಿದುಕೊಂಡು ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, "ಇವತ್ತಾದ್ರೂ ತೋರ್ಸಿ ಅಜ್ಜಿ" ಎಂದರು.

ಮಕ್ಕಳು ಬಂದು ಮೇಜಿನ ಸುತ್ತ ನಿಂತರು. ಹೇಮ ಒಂದು ಮಾತೂ ವಿವರಿಸಲಿಲ್ಲ. ಬಾಗಿಲು ಹಾಕಿಸಿ, "ಎಲ್ಲರೂ ನೂರು ಎಣಿಸಿ" ಎಂದಳಷ್ಟೇ. ಕತ್ತಲೆಯಲ್ಲಿ ಪಿಸುಪಿಸು, ಕಿಸಿಕಿಸಿ, "ಲೇ ನನ್ ಕಾಲು ತುಳೀಬ್ಯಾಡ್ವೋ", "ಐವತ್ತೇಳು, ಐವತ್ತೆಂಟು". ನೂರಕ್ಕೆ ಅವಳು ಸಣ್ಣ ಟಾರ್ಚ್ ಹತ್ತಿಸಿ ಚೂರಿನ ಮೇಲೆ ಹಿಡಿದಳು. ಆ ಕರಿಕಂಬಳಿಯ ಕತ್ತಲೆಯೊಳಗೆ ಹಸಿರು ಭಗ್ಗೆಂದು ಹೊತ್ತಿಕೊಂಡಿತು. ಪಿಸುಪಿಸು ನಿಂತೇ ಹೋಯಿತು.

ಅದೇ ಹೊತ್ತಿಗೆ ಹೇಮ ಒಂದು ಸಣ್ಣ ಪಿಚಕಾರಿ ತೆಗೆದು ನನ್ನ ಕೈಗಿಟ್ಟಳು. ಅದರಲ್ಲಿ ಸ್ಪಿರಿಟ್ ಇತ್ತು. "ಅಜ್ಜಿ, ಇದರ ಮೇಲೆ ಒಂದು ಹನಿ ಹಾಕು."

"ಏನಂದೆ? ಹಸಿ ಮುಟ್ಟಿಸಾದಾ? ನಿಂಗೇನು ತಲೆ ಕೆಟ್ಟದಾ?"

"ಹಾಕಜ್ಜಿ."

"ಮೂರು ತಿಂಗ್ಳಿನ ಕೆಲ್ಸ ಕಣೇ ಅದು! ನನ್ ಕೈಲಿ ಬ್ಯಾಡ. ನೀನೇ ಹಾಕು."

"ನಿನ್ ಕೈಲೇ ಆಗ್ಬೇಕು."

"ಏನಾಯ್ತದೆ ಅಂತಾದ್ರೂ ಹೇಳೇ."

"ಹೇಳಿಬಿಟ್ರೆ ನೋಡೋಕೇನು ಉಳೀತದೆ?" ಎಂದಳು, ನನ್ನ ಮಾತನ್ನೇ ನನಗೆ ತಿರುಗಿಸಿ. ಕತ್ತಲೆಯಲ್ಲಿ ಮಕ್ಕಳೆಲ್ಲ, "ಹಾಕಜ್ಜಿ, ಹಾಕಜ್ಜಿ" ಎಂದು ಶುರುಮಾಡಿದರು. ಮಂಜಣ್ಣ ಮೇಷ್ಟ್ರ ದನಿಯೂ ಅದರಲ್ಲಿ ಸೇರಿತ್ತು.

ಕೈ ಗಡಗಡ ನಡುಗುತ್ತಿತ್ತು. ಎಡಗೈಯಿಂದ ಬಲಗೈ ಹಿಡಿದುಕೊಂಡು ಒತ್ತಿದೆ. ಹನಿ ಬಿತ್ತು.

ಹಸಿರು ಹೋಯಿತು. ಬಿದ್ದ ಜಾಗದಿಂದ ಹರಡಿ ಇಡೀ ಚೂರು ಕೆಂಡದಂತೆ ಕೆಂಪಾಯಿತು. ಮಕ್ಕಳು ಕಿರುಚಿದರು. ಅವರಿಗೆ ಅದು ಖುಷಿ. ನನಗೆ ಕಂಡದ್ದು ಅದೇ ಹಳೆಯ ಗಾಜು, ಅದರ ಮೇಲಿನ ಅದೇ ಕುಂಕುಮ. "ಅಯ್ಯೋ, ಮತ್ತೆ ಕೊಂದ್ಬಿಟ್ನಲ್ಲೇ" ಎಂದೆ. ಪಿಚಕಾರಿ ಕೈಯಿಂದ ಜಾರಿತು.

ಹೇಮ ನನ್ನ ಹೆಗಲು ಹಿಡಿದುಕೊಂಡಳು. "ಎಣಿಸಜ್ಜಿ."

ಎಣಿಸಿದೆ. ಮಕ್ಕಳೂ ಸೇರಿಕೊಂಡರು. ಇಪ್ಪತ್ತು. ಕೆಂಪು. ನಲವತ್ತು. ಕೆಂಪು. ಅರವತ್ತರ ಹತ್ತಿರ ಒಂದು ಅಂಚಿನಲ್ಲಿ ಎಳೆ ಗರಿಕೆ ಕಣ್ಣು ಬಿಟ್ಟಂತೆ ಏನೋ ಮಿಸುಕಿತು. ಎಣಿಕೆ ನನಗೆ ತಪ್ಪಿಹೋಯಿತು, ಮಕ್ಕಳು ಬಿಡಲಿಲ್ಲ. ಅಂಚಿನಿಂದ ನಡುವಿಗೆ, ಹೊಲಕ್ಕೆ ಮಳೆ ಬಿದ್ದ ಮೇಲೆ ಪೈರು ಏಳುವಂತೆ, ಹಸಿರು ನಡೆದು ಬಂತು. ತೊಂಬತ್ತಕ್ಕೆ ಪೂರಾ ಹಸಿರು. ಮೊದಲಿದ್ದಷ್ಟೇ ಹಸಿರು. ಒಂದು ಕಲೆ ಇಲ್ಲ.

"ಗೂಡಿನೊಳಗೆ ಗಾಳಿ ಇದ್ದ ಜಾಗಕ್ಕೆ ಸ್ಪಿರಿಟ್ ಹೋಗಿತ್ತು ಅಜ್ಜಿ, ಅದಕ್ಕೇ ಕೆಂಪಾಯ್ತು. ಆರಿಹೋದ ಮೇಲೆ ಮತ್ತೆ ಗಾಳಿ ಬಂತು. ಇದು ತೊಳೆದ್ರೆ ಹೋಗಲ್ಲ" ಎಂದು ಹೇಮ ಕಿವಿಯಲ್ಲಿ ಹೇಳಿದಳು.

ನನಗೆ ಅಳುವೋ ನಗುವೋ ಗೊತ್ತಾಗಲಿಲ್ಲ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು, "ಹೆಂಗೆ ಮಿಸ್? ಯಾಕೆ ಮಿಸ್? ನೀರು ಹಾಕಿದ್ರೆ ಯಾವ ಬಣ್ಣ ಬತ್ತದೆ ಮಿಸ್?" ಎಂದು ಮುತ್ತಿಕೊಂಡರು. ಪರೀಕ್ಷೆಗೆ ಬರುತ್ತದಾ ಎಂದು ಯಾರೂ ಕೇಳಲಿಲ್ಲ. ಸಾಲು ಮಾಡಿ ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಸಾಲಿನ ಕೊನೆಯಲ್ಲಿ ತಲೆ ನರೆತ ಮಂಜಣ್ಣ ಮೇಷ್ಟ್ರು ನಿಂತಿದ್ದರು. ಅವರ ಸರದಿ ಬರುವಷ್ಟರಲ್ಲಿ ನಾನು ಬಗ್ಗಿ ನೆಲದ ಮೇಲಿನ ಪಿಚಕಾರಿಯನ್ನು ತಡಕಿ ಎತ್ತಿಕೊಂಡಿದ್ದೆ.

"ಮೇಷ್ಟ್ರೇ, ನೂರು ಎಣಿಸಿ" ಎಂದೆ. ಈ ಸಲ ಕೈ ನಡುಗಲಿಲ್ಲ.